ಗಿಟಾರಿಗೊಂದು ಗಂಟಲು

ರೇಡಿಯೋ ರಿಪೇರಿ ಮಾಡುವವನನ್ನು ಜನ ಕೇಳುವುದು ಒಂದೇ ಮಾತು: ಮಾತಾಡ್ತದಾ, ಇಲ್ವಾ? ಮಾತಾಡಿದರೆ ಮುಗಿಯಿತು. ಹೇಗೆ ಮಾತಾಡುತ್ತದೆ ಎಂದು ಕೇಳಿದ ಗಿರಾಕಿ ನನ್ನ ಅಂಗಡಿಗೆ ಆವರೆಗೆ ಒಬ್ಬರೂ ಬಂದಿರಲಿಲ್ಲ. ಮೊದಲ ಸಲ ಕೇಳಿದವರು ಒಬ್ಬ ನಾಟಕದ ಹೆಂಗಸು. ಅವರಿಗೆ ಸ್ವಂತ ದನಿಯೇ ಇರಲಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ಚಾಮರಾಜನಗರದ ಪೇಟೆ ಬೀದಿಯಲ್ಲಿ ನನ್ನದು ಒಂಟಿ ಬಾಗಿಲಿನ ಅಂಗಡಿ. ರೇಡಿಯೋ ರಿಪೇರಿ, ಮದುವೆ ಮುಂಜಿಗೆ ಮೈಕ್‌ಸೆಟ್ ಬಾಡಿಗೆ, ಇಷ್ಟೇ ಕಸುಬು. ಆಗ ಊರಾಚೆ ಒಂದು ನಾಟಕ ಕಂಪನಿ ಟೆಂಟು ಹಾಕಿತ್ತು. ಅವರ ಮೈಕೂ ನಾನೇ ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಆ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು, ಅವರ ಹಿಂದೆ ಸೀರೆಯಲ್ಲಿ ಸುತ್ತಿದ ಗಿಟಾರನ್ನು ಮಗುವಿನಂತೆ ಎತ್ತಿಕೊಂಡ ಒಬ್ಬ ಹೆಂಗಸು, ಇಬ್ಬರೂ ಅಂಗಡಿ ಮೆಟ್ಟಿಲು ಹತ್ತಿದರು. ಆಕೆಗೆ ನನಗಿಂತ ಎಂಟು ಹತ್ತು ವರ್ಷ ಹೆಚ್ಚು. ಅಕ್ಕ ಎಂದೇ ಕರೆದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ.

"ತಮ್ಮಯ್ಯ, ಇದ್ಕೆ ಕರೆಂಟ್ ಕೊಡ್ಬೇಕಲ್ಲ" ಎಂದರು ಅಕ್ಕ. ಬರೀ ಉಸಿರು. ಎರಡು ಸಲ ಕೇಳಿದ ಮೇಲೆ ನನಗೆ ಅರ್ಥವಾಯಿತು.

"ಮೈಕ್ ಮುಂದೆ ಇಟ್ಟು ನುಡಿಸಿದ್ರೆ ಆಯ್ತಲ್ಲಕ್ಕ."

"ಅದೂ ಮಾಡ್ಬುಟ್ಟೆ. ಆರನ್ನಲ್ಲಿ ತಗಡು ಬಡ್ದಂಗೆ ಕೇಳ್ತದೆ. ಗಿಟಾರು ಕೇಳೋದು ಬ್ಯಾಡ ಕಣಪ್ಪ ನಂಗೆ. ನನ್ ಗಂಟ್ಲು ಕೇಳ್ಬೇಕು."

ನನಗೆ ತಲೆಬುಡ ತಿಳಿಯಲಿಲ್ಲ. ಮೇಷ್ಟ್ರು ಬಿಡಿಸಿ ಹೇಳಿದರು. ಅಕ್ಕ ಹನ್ನೆರಡು ವರ್ಷ ಆ ಕಂಪನಿಯ ನಾಯಕಿ. ಗಂಡನ ಹೆಣದ ಮುಂದೆ ಹಾಡುವ ಒಂದು ಶೋಕದ ಹಾಡಿತ್ತು. ಪ್ರತಿ ಊರಲ್ಲೂ ಜನ ಅದಕ್ಕೆ 'ವನ್ಸ್ ಮೋರ್' ಕೂಗುತ್ತಿದ್ದರು. ಕೂಗಿದರೆ ಸತ್ತವನು ಸತ್ತಂತೆ ಮಲಗಿರಬೇಕು, ಇವರು ಮತ್ತೆ ಮೊದಲಿನಿಂದ ಹಾಡಬೇಕು. ಕಂಪನಿ ನಾಟಕದ ಪದ್ಧತಿ ಅದು. ಎರಡು ವರ್ಷದ ಹಿಂದೆ ಗಂಟಲು ಬೇನೆ ಬಂದು ದನಿ ಹೋಯಿತು, ತಿರುಗಿ ಬರಲಿಲ್ಲ. ಕಂಪನಿಯಲ್ಲಿ ಬಟ್ಟೆ ಹೊಲಿದುಕೊಂಡು ಉಳಿದರು. ಮೈಸೂರಿನ ಒಬ್ಬ ಬ್ಯಾಂಡಿನವನಿಂದ ಗಿಟಾರು ಕಲಿತರು. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಹವಾಯಿ ಗಿಟಾರು ಅದು. ಹೊಸ ನಾಯಕಿಗೆ ರೂಪವಿತ್ತು, ಹಾಡು ಬರುತ್ತಿರಲಿಲ್ಲ. ಆ ಶೋಕದ ರಾಗವನ್ನು ಪರದೆ ಹಿಂದಿನಿಂದ ತಾನು ನುಡಿಸುತ್ತೇನೆ, ಹುಡುಗಿ ಸುಮ್ಮನೆ ನಿಂತು ಅತ್ತರೆ ಸಾಕು ಎಂದು ಅಕ್ಕ ಯಜಮಾನರ ಕಾಲು ಹಿಡಿದಿದ್ದರು.

"ಯಜಮಾನ್ರು ಏನಂದ್ರು?" ಎಂದೆ.

"ಗುಂಡ್ಲುಪೇಟೆಯವರು ಇವಳ ಹಾಡು ಕೇಳಿದ್ದಾರೆ, ಮರೆತಿಲ್ಲ. ಮುಂದಿನ ಕ್ಯಾಂಪು ಅಲ್ಲೇ. ಅಲ್ಲಿ ಗಿಟಾರಿಗೆ ವನ್ಸ್ ಮೋರ್ ಬಿದ್ದರೆ ಇರಲಿ, ಇಲ್ಲದಿದ್ದರೆ ಅವಳ ದಾರಿ ಅವಳು ನೋಡಿಕೊಳ್ಳಲಿ ಅಂದ್ರು" ಎಂದರು ಮೇಷ್ಟ್ರು.

ಒಂದು ತಿಂಗಳು ಸಮಯವಿತ್ತು. ನನಗೆ ಇಪ್ಪತ್ತಾರು ವರ್ಷ, ನನ್ನ ಕೈಯಲ್ಲಿ ಆಗದ್ದು ಯಾವುದೂ ಇಲ್ಲ ಎಂಬ ಸೊಕ್ಕು. ಒಪ್ಪಿಕೊಂಡೆ.

ಮೊದಲ ಕೆಲಸ ಗಿಟಾರಿನೊಳಗಿಂದ ದನಿ ಹಿಡಿಯುವುದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೆ ಹೆಡ್‌ಫೋನುಗಳು ನನ್ನ ಗುಜರಿ ಪೆಟ್ಟಿಗೆಯಲ್ಲಿ ಬಿದ್ದಿದ್ದವು. ಒಂದನ್ನು ಬಿಚ್ಚಿ, ಅದರ ಅಯಸ್ಕಾಂತ ಮತ್ತು ಕೂದಲೆಳೆ ತಾಮ್ರದ ಸುರುಳಿಯನ್ನು ತಂತಿಗಳ ಕೆಳಗೆ ಕೂರುವಂತೆ ಹಿತ್ತಾಳೆ ಪಟ್ಟಿಯಲ್ಲಿ ಕಟ್ಟಿದೆ. ಮೂರು ಸುರುಳಿ ಹರಿದು ಹಾಳಾದವು. ನಾಲ್ಕನೆಯದು ಉಳಿಯಿತು. ತಂತಿ ಮೀಟಿದರೆ ಸುರುಳಿಯಲ್ಲಿ ಒಂದಿಷ್ಟು ಮಿಡಿತ, ಅದನ್ನು ಆಂಪ್ಲಿಫೈಯರಿನ ಗಾಜಿನ ವಾಲ್ವುಗಳು ದೊಡ್ಡದು ಮಾಡಬೇಕು.

ಮೈಕ್‌ಸೆಟ್ಟಿನ ಆಂಪ್ಲಿಫೈಯರಿಗೆ ಕೊಟ್ಟೆ. ಅಕ್ಕ ಹೇಳಿದ್ದು ನಿಜ, ತುತ್ತೂರಿಯಾಕಾರದ ಆ ಹಾರನ್ನು ತಗಡೇ. ಹಾರನ್ನಿಗೆ ದೂರ ಕೂಗುವುದು ಗೊತ್ತು, ಎದೆ ಇಲ್ಲ. ಯಜಮಾನರಿಗೆ ಹಾರನ್ನೇ ಪ್ರಾಣ. ಹುಣಸೆ ಮರಕ್ಕೆ ಕಟ್ಟಿದ ಹಾರನ್ನು ಊರ ತುದಿಗೆ ಕೇಳಬೇಕು, ಆಗಲೇ ಜನ ಬರುತ್ತಾರೆ ಎಂಬ ಲೆಕ್ಕ. ಅವರ ಜೊತೆ ಜಗಳಕ್ಕೆ ಹೋಗದೆ ನಾನು ಬೇರೆಯೇ ಪೆಟ್ಟಿಗೆ ಕಟ್ಟಿದೆ. ಔಟ್‌ಪುಟ್ಟಿಗೆ ಎರಡು ವಾಲ್ವು, ಅದಕ್ಕೆ ಮುಂಚೆ ಎರಡು, ಕೆಟ್ಟುಹೋದ ಒಂದು ದೊಡ್ಡ ರೇಡಿಯೋದಿಂದ ಬಿಚ್ಚಿದ ಎಂಟಂಗುಲದ ಕಾಗದದ ಸ್ಪೀಕರು. ಮೊದಲ ಪೆಟ್ಟಿಗೆ ಟೀ ಪುಡಿ ಬರುವ ಹಗುರ ಹಲಗೆಯದು. ಮಂದ್ರ ಸ್ವರಕ್ಕೆ ಹಲಗೆಯೇ ಗಡಗಡ ಅಂದಿತು. ಬಡಗಿಯಿಂದ ಹಲಸಿನ ಮರದಲ್ಲಿ ಇನ್ನೊಂದು ಮಾಡಿಸಿದೆ, ಹಿಂಬದಿ ತೆರೆದೇ ಬಿಟ್ಟೆ. ಹಿಂದೆ ಮುಚ್ಚಿದರೆ ದನಿ ಕೊಡದೊಳಗೆ ಮಾತಾಡಿದ ಹಾಗೆ ಆಗುತ್ತಿತ್ತು.

ಇನ್ನು ಗಂಟಲು. ನಾನು ಅಕ್ಕನ ಹಾಡು ಕೇಳಿದವನೇ ಅಲ್ಲ. ಅವರ ದನಿ ತುಂಬಿದ ಗ್ರಾಮಫೋನ್ ತಟ್ಟೆ ಯಾವುದೂ ಇರಲಿಲ್ಲ. ಕೇಳದ ದನಿಯನ್ನು ಕಟ್ಟಬೇಕು! ಮೇಷ್ಟ್ರ ಕಿವಿಯೇ ನನ್ನ ಮೀಟರು. ನಾನು ಟೋನಿನ ಕಂಡೆನ್ಸರು ಬದಲಿಸಿ ಬೆಸುಗೆ ಹಾಕುವುದು, ಅಕ್ಕ ನುಡಿಸುವುದು, ಮೇಷ್ಟ್ರು ಕಣ್ಣು ಮುಚ್ಚಿ ತೀರ್ಪು ಕೊಡುವುದು. "ಇನ್ನೊಂದು ಚೂರು ಮೂಗು ಬೇಕು." "ಇದು ಅವಳ ತಾಯಿಯ ದನಿ, ಅವಳದ್ದಲ್ಲ." "ಈಗ ಊಟ ಆದ ಮೇಲೆ ಹಾಡಿದ ಹಾಗಿದೆ." ಅವರು ತಮಾಷೆ ಮಾಡುತ್ತಿರಲಿಲ್ಲ. ನಾನು ಪಾಯಿಂಟ್ ಸೊನ್ನೆ ಐದರ ಕಂಡೆನ್ಸರಿನಿಂದ ಶುರುಮಾಡಿ ಸೊನ್ನೆ ಎರಡಕ್ಕೆ ಇಳಿದು, ಮತ್ತೆ ನಡುವೆ ಎರಡು ಕಂಡೆನ್ಸರು ಜೋಡಿಸಿ ಕೊನೆಗೆ ಮೂಗು ಸರಿಮಾಡಿದೆ.

ಆದರೆ ಶುರುವಿನ 'ಟಿಣ್' ಹೋಗಲಿಲ್ಲ. ತಂತಿ ಮೀಟಿದ ತಕ್ಷಣ ಟಿಣ್ ಎನ್ನುತ್ತದೆ. ಮನುಷ್ಯ ಹಾಡುವಾಗ ದನಿ ಟಿಣ್ ಎಂದು ಶುರುವಾಗುವುದಿಲ್ಲ, ಉಸಿರಿನಿಂದ ಮೇಲೇಳುತ್ತದೆ. ಇದನ್ನು ಬಿಡಿಸಿದ್ದು ನಾನಲ್ಲ, ಅಕ್ಕ. ಕಂಪನಿಯಲ್ಲಿ ಕಾಲಲ್ಲಿ ತುಳಿದು ನುಡಿಸುವ, ತಿದಿ ಹರಿದ ಹಾರ್ಮೋನಿಯಂ ಒಂದು ಮೂಲೆ ಸೇರಿತ್ತು.

"ಆ ಕಾಲ್ಮಣೆ ಕಿತ್ತು ಇದ್ಕೆ ಹಾಕ್ಬುಡು ತಮ್ಮಯ್ಯ. ಮೀಟುವಾಗ ದನಿ ಮುಚ್ಚಿರ್ಲಿ. ಆಮೇಲೆ ಕಾಲಲ್ಲಿ ಒತ್ತಿ ಬುಟ್ಕೊತೀನಿ."

ಹಾರ್ಮೋನಿಯಮ್ಮಿನ ಪೆಡಲು ಕಿತ್ತು ಹಲಗೆಗೆ ಹೊಡೆದೆ. ವಾಲ್ಯೂಮ್ ತಿರುಗಿಸುವ ಕಡ್ಡಿಗೆ ಹೊಲಿಗೆ ದಾರ ಸುತ್ತಿ ಪೆಡಲಿಗೆ ಕಟ್ಟಿದರೆ ದಾರ ಜಾರಿತು. ಸೆಣಬಿನ ಹುರಿ ಹಿಡಿದುಕೊಂಡಿತು, ಬಿಡಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನನ್ನ ಕಣ್ಣೆದುರೇ ಇದ್ದದ್ದು ಕಂಡಿತು: ರೇಡಿಯೋದಲ್ಲಿ ಸ್ಟೇಷನ್ ತಿರುಗಿಸಿದಾಗ ಮುಳ್ಳನ್ನು ಎಳೆಯುವ ನೂಲು. ಅದನ್ನು ಕಟ್ಟಿ, ವಾಪಸು ಎಳೆಯಲು ಒಂದು ಸಣ್ಣ ಸ್ಪ್ರಿಂಗು ಕೊಟ್ಟೆ. ಒತ್ತಿದಾಗ ಕರಕರ ಬರುತ್ತಿತ್ತು, ಒಳಗೆ ಸೀಮೆಎಣ್ಣೆಯಲ್ಲಿ ತೊಳೆದೆ, ನಿಂತಿತು. ಅಕ್ಕ ಮೀಟಿ, ಕಾಲು ಒತ್ತಿದರು. ಟಿಣ್ ಮಾಯ. ದನಿ ನೆಲದಿಂದ ಎದ್ದ ಹಾಗೆ ಎದ್ದಿತು. ಮೇಷ್ಟ್ರು ಕಣ್ಣು ಬಿಟ್ಟರು, ಮತ್ತೆ ಮುಚ್ಚಿಕೊಂಡರು.

ಉಳಿದದ್ದು ಒಂದೇ, ಅದೇ ಎಲ್ಲಕ್ಕಿಂತ ಕಷ್ಟದ್ದು. "ಪಂಚಮ ದಾಟಿದ ಮೇಲೆ ಅವಳ ದನಿ ಒಂಚೂರು ಬಿರಿಯುತ್ತಿತ್ತು, ಅಳು ತಡೆದುಕೊಂಡವರ ಹಾಗೆ. ವನ್ಸ್ ಮೋರ್ ಬೀಳುತ್ತಿದ್ದದ್ದು ಅದಕ್ಕೇ" ಎಂದರು ಮೇಷ್ಟ್ರು. ವಾಲ್ವಿಗೆ ಅದು ತಡೆಯುವುದಕ್ಕಿಂತ ಹೆಚ್ಚು ದನಿ ಕೊಟ್ಟರೆ ಬಿರಿಯುತ್ತದೆ, ಅದು ನನಗೆ ಗೊತ್ತು. ರಿಪೇರಿಯವನು ಬಿರಿಯದ ಹಾಗೆ ನೋಡಿಕೊಳ್ಳುತ್ತಾನೆ, ನಾನು ಬಿರಿಯುವ ಹಾಗೆ ಮಾಡಬೇಕಿತ್ತು. ಅಂಗಡಿಯಲ್ಲಿ ಹಗಲೆಲ್ಲ ಗುದ್ದಾಡಿದೆ. ಎಷ್ಟು ತಿರುಗಿಸಿದರೂ ದನಿ ಗಟ್ಟಿಯಾಗಿಯೇ ನಿಂತು, ಆಮೇಲೆ ಒಮ್ಮೆಗೇ ಕಿರ್ ಎಂದು ಹರಿಯುತ್ತಿತ್ತು. ನಡುವಿನ ಜಾಗವೇ ಇಲ್ಲ. ಅಕ್ಕ ಒಂದು ದಿನ ಉಕ್ಕಿನ ತುಂಡು ಕೆಳಗಿಟ್ಟು, "ಬುಡು ತಮ್ಮಯ್ಯ, ಓದದ್ದು ಓಯ್ತು" ಎಂದು ಎದ್ದುಬಿಟ್ಟರು. ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಆ ಪೆಟ್ಟಿಗೆಯ ಮೇಲೆ.

ಅಂದು ಸಂಜೆ ಪೆಟ್ಟಿಗೆಯನ್ನು ಟೆಂಟಿಗೇ ಹೊತ್ತುಕೊಂಡು ಹೋದೆ. ದೀಪ ಹೊತ್ತಿಸಿದ ಮೇಲೆ, ಆಟಕ್ಕೆ ಮುಂಚೆ, ಖಾಲಿ ಕುರ್ಚಿಗಳೆದುರು ಅಕ್ಕನನ್ನು ಬಲವಂತ ಮಾಡಿ ಕೂರಿಸಿದೆ. ಅವರು ನುಡಿಸಿದರು. ಪಂಚಮ ದಾಟಿತು. ದನಿ ಮೆತ್ತಗೆ, ನಿಧಾನಕ್ಕೆ, ಅಂಚಿನಲ್ಲಿ ಬಿರಿಯಿತು. ಮೇಷ್ಟ್ರು ಹಾರ್ಮೋನಿಯಮ್ಮಿನ ಮೇಲೆ ತಲೆ ಇಟ್ಟುಬಿಟ್ಟರು. ಬಟ್ಟೆ ಮಡಿಸುತ್ತಿದ್ದ ಮುದುಕಿಯೊಬ್ಬಳು ಒಳಗಿಂದ ಓಡಿ ಬಂದು, "ಅಮ್ಮಣ್ಣಿ, ಗಂಟ್ಲು ಬಂತಾ?" ಎಂದಳು. ಅಕ್ಕ ಮತ್ತೆ ಮತ್ತೆ ಅದೇ ಸ್ವರ ಮೀಟುತ್ತಿದ್ದರು. ನನಗೂ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಮಾರನೇ ದಿನ ಹಗಲು ಅಂಗಡಿಯಲ್ಲಿ ಅದೇ ಪೆಟ್ಟಿಗೆ ಮತ್ತೆ ಗಟ್ಟಿ. ಸಂಜೆ ಟೆಂಟಿನಲ್ಲಿ ಮತ್ತೆ ಮೆತ್ತಗೆ. ನಾಲ್ಕು ದಿನ ಹೀಗೇ ಆಯಿತು. ನಾನು ಜಾಣನಲ್ಲವೇ, ಕಾರಣ ಕಂಡುಹಿಡಿದೆ: ಅಂಗಡಿಯ ಗೋಡೆ ದನಿಯನ್ನು ವಾಪಸು ಎಸೆಯುತ್ತದೆ, ಟೆಂಟಿನ ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಈ ಪೆಟ್ಟಿಗೆಗೆ ಬೇಕಾದದ್ದು ಟೆಂಟು. ಮೇಷ್ಟ್ರಿಗೂ ಹಾಗೇ ವಿವರಿಸಿದೆ. ಅವರು ತಲೆಯಾಡಿಸಿದರು. ತಿರುಪುಗಳು ನಿಂತ ಜಾಗಕ್ಕೆ ಅಕ್ಕ ತಮ್ಮ ಭರಣಿಯಿಂದ ಕುಂಕುಮ ತೆಗೆದು ಎಣ್ಣೆಯಲ್ಲಿ ಕಲಸಿ ಬೊಟ್ಟಿಟ್ಟರು. ವಾಲ್ಯೂಮಿಗೊಂದು, ಟೋನಿಗೊಂದು, ಪೆಡಲಿನ ಮೇಲ್ಮಿತಿಗೊಂದು.

ಚಾಮರಾಜನಗರದ ಕೊನೆಯ ಎರಡು ಆಟಗಳಲ್ಲಿ ನುಡಿಸಿದರು. ಎರಡಕ್ಕೂ ವನ್ಸ್ ಮೋರ್ ಬಿತ್ತು. ಯಜಮಾನರು ನನ್ನ ಬೆನ್ನು ತಟ್ಟಿ, "ಗುಂಡ್ಲುಪೇಟೆಗೂ ನೀನೇ ಬಾ. ಅಲ್ಲಿ ಸರಿಹೋದರೆ ಕಂಪನಿಯ ಜೊತೆಗೇ ಇದ್ದುಬಿಡು" ಎಂದರು. ಅಂಗಡಿಗೆ ಬೀಗ ಹಾಕಿ ಲಾರಿ ಹತ್ತಿದೆ.

ಗುಂಡ್ಲುಪೇಟೆಯಲ್ಲಿ ಟೆಂಟು ಬಿದ್ದದ್ದು ಬಸ್ ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ. ಅಲ್ಲಿಗೆ ಕರೆಂಟಿನ ಕಂಬ ಬಂದಿರಲಿಲ್ಲ. ಅಕ್ಕಿ ಗಿರಣಿಯವನೊಬ್ಬ ತನ್ನ ಡೀಸೆಲ್ ಎಂಜಿನ್ನು, ಡೈನಮೋ ತಂದು ನಿಲ್ಲಿಸಿದ್ದ. ಸಾಮಾನಿನ ಲಾರಿ ದಾರಿಯಲ್ಲಿ ಕೆಟ್ಟು ನಿಂತದ್ದರಿಂದ ಮೊದಲ ಆಟದ ದಿನ ಟೆಂಟು ಏಳುವಾಗಲೇ ಸಂಜೆ. ಅಭ್ಯಾಸಕ್ಕೆ ಹೊತ್ತಿರಲಿಲ್ಲ. ಎಂಜಿನ್ನು ಶುರುವಾದಾಗ ದೀಪಗಳು ಮಲ್ಲಿಗೆ ಹೂವಿನ ಹಾಗೆ ಬೆಳ್ಳಗೆ ಹತ್ತಿಕೊಂಡವು. ಜನ ಹೋ ಎಂದರು. ಯಜಮಾನರು ಗಿರಣಿಯವನಿಗೆ ಎಲ್ಲರೆದುರು ಹಾರ ಹಾಕಿದರು. ನಾನೂ ಆ ಬೆಳಕನ್ನು ನೋಡಿ ಸಂತೋಷಪಟ್ಟೆ. ಹತ್ತು ವರ್ಷ ಕರೆಂಟಿನ ಜೊತೆ ಬದುಕಿದವನು, ದೀಪ ನೋಡಿ ಸಂತೋಷಪಟ್ಟೆ!

ಶೋಕದ ದೃಶ್ಯ ಬಂತು. ಪರದೆಯ ಹಿಂದೆ ಅಕ್ಕ, ಪಕ್ಕದಲ್ಲಿ ನಾನು. ತಿರುಪುಗಳು ಕುಂಕುಮದ ಬೊಟ್ಟಿಗೆ ಸರಿಯಾಗಿ ನಿಂತಿವೆಯೇ ಎಂದು ಟಾರ್ಚು ಬಿಟ್ಟು ನೋಡಿದ್ದೆ. ಅಕ್ಕ ಮೀಟಿ ಕಾಲು ಒತ್ತಿದರು. ಮೊದಲ ಸ್ವರಕ್ಕೇ ನನಗೆ ತಿಳಿಯಿತು. ಗಟ್ಟಿ. ಅಂಗಡಿಯ ಹಗಲಿನ ಅದೇ ಗಟ್ಟಿ ದನಿ, ಇನ್ನೂ ಒರಟು. ಅಕ್ಕ ನನ್ನ ಮುಖ ನೋಡಿದರು. ಪೆಡಲನ್ನು ಕಡಿಮೆ ಒತ್ತಿ ನೋಡಿದರು, ಹೆಚ್ಚು ಒತ್ತಿ ನೋಡಿದರು. ಪಂಚಮ ದಾಟಿದಾಗ ಬಿರಿಯಲಿಲ್ಲ, ಕಿರುಚಿತು. ಮುಂದಿನ ಸಾಲಿನಲ್ಲಿ ಯಾರೋ ಬೆಕ್ಕಿನ ಹಾಗೆ ಮಿಯಾಂವ್ ಎಂದರು. ಟೆಂಟಿಗೆ ಟೆಂಟೇ ನಕ್ಕಿತು. ಹೆಣವಾಗಿ ಮಲಗಿದ್ದವನ ಹೊಟ್ಟೆಯೂ ಕುಲುಕುತ್ತಿತ್ತು. ಅಕ್ಕ ರಾಗವನ್ನು ಅರ್ಧಕ್ಕೆ ಬಿಡಲಿಲ್ಲ, ಕೊನೆಯ ಸ್ವರದವರೆಗೂ ನುಡಿಸಿ ಮುಗಿಸಿದರು.

ಮಧ್ಯಂತರಕ್ಕೆ ಯಜಮಾನರು ಒಳಗೆ ಬಂದರು. ಮೇಷ್ಟ್ರು, ನಟರು, ಬಣ್ಣದವರು, ಎಲ್ಲರೂ ಸುತ್ತ ನಿಂತಿದ್ದರು. ಅವರು ಅಕ್ಕನನ್ನು ಕೇಳಲಿಲ್ಲ, ನನ್ನನ್ನು ಕೇಳಿದರು.

"ತಪ್ಪು ಎಲ್ಲಿಯದಯ್ಯಾ? ನಿನ್ನ ಪೆಟ್ಟಿಗೆಯದೋ, ಅವಳ ಕೈಯದೋ?"

ನನ್ನ ಕಸುಬಿನಲ್ಲಿ ಒಂದು ಚಟ ಇದೆ. ಎಲ್ಲ ರಿಪೇರಿಯವರಿಗೂ ಇದೆ. ಗಿರಾಕಿಯ ಮುಂದೆ 'ಗೊತ್ತಿಲ್ಲ' ಎನ್ನುವುದಿಲ್ಲ. ಗೊತ್ತಿಲ್ಲ ಎಂದವನ ಅಂಗಡಿಗೆ ನಾಳೆ ಯಾರು ಬರುತ್ತಾರೆ? ಆದ್ದರಿಂದ ವಾಲ್ವು ಹೋಗಿದೆ ಅನ್ನು, ಕಂಡೆನ್ಸರು ಲೀಕು ಅನ್ನು, ಏನಾದರೊಂದು ಅನ್ನು, ಆಮೇಲೆ ನೋಡಿಕೋ. ನನ್ನ ಗುರು ನನಗೆ ಬೆಸುಗೆಗಿಂತ ಮೊದಲು ಕಲಿಸಿದ್ದು ಇದನ್ನೇ. ಜೊತೆಗೆ ನನ್ನ ತರ್ಕವೂ ಸಿದ್ಧವಾಗಿತ್ತು. ಪೆಟ್ಟಿಗೆ ಅದೇ, ಬೊಟ್ಟು ಅದೇ, ಟೆಂಟೂ ಅದೇ. ಬದಲಾಗಬಹುದಾದ್ದು ಇನ್ನೇನು ಉಳಿಯಿತು?

"ಪೆಟ್ಟಿಗೆ ಸರಿಯಾಗಿದೆ ಯಜಮಾನ್ರೇ" ಎಂದೆ.

"ಅಂದ್ರೆ?"

"ಕೈ ಇರಬೇಕು. ಗಾಬರಿಯಾಗಿರಬಹುದು."

ಅಕ್ಕ ನನ್ನನ್ನು ನೋಡಲಿಲ್ಲ. ತಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಂಡರು. ಉಕ್ಕಿನ ತುಂಡು ಹಿಡಿದೂ ಹಿಡಿದೂ ಬೆರಳ ತುದಿ ಕಪ್ಪಾಗಿತ್ತು. ಯಜಮಾನರು, "ಸರಿ, ಮಾತು ಮಾತೇ" ಎಂದು ಹೊರಟುಹೋದರು. ನಾನು ಪೆಟ್ಟಿಗೆಯ ಹಿಂದೆ ಬಗ್ಗಿ ತಂತಿ ಸುತ್ತುವ ನಾಟಕ ಮಾಡಿದೆ.

ಬೆಳಿಗ್ಗೆ ಎದ್ದಾಗ ಅಕ್ಕ ಇರಲಿಲ್ಲ. ಗಿಟಾರು ಕಂಪನಿಯದು, ಅದಕ್ಕೆ ಸುತ್ತಿದ್ದ ತಮ್ಮ ಸೀರೆಯನ್ನು ಬಿಚ್ಚಿಕೊಂಡು ಬರಿದೇ ಮಂಚದ ಮೇಲೆ ಇಟ್ಟಿದ್ದರು. ಮೊದಲ ಬಸ್ಸಿಗೆ ಹೋದಳು ಎಂದರು. ಊರು ಹರವೆ, ಅಲ್ಲಿ ತಂಗಿ ಇದ್ದಾಳೆ ಎಂದರು.

ಒಂಬತ್ತೂವರೆ ಸುಮಾರಿಗೆ ಗಿರಣಿಯವನು ಒಂದು ಬುಟ್ಟಿ ಹಿಡಿದು ಬಂದ. ಬುಟ್ಟಿ ತುಂಬ ಕಪ್ಪಾದ ಬಲ್ಬುಗಳು.

"ಏನ್ ಬಲ್ಬ್ ಸಾಮಿ ನಿಮ್ವು, ಒಂದ್ ದಿನಕ್ಕೆ ಹದ್ನಾಲ್ಕು ಓಗ್ಬುಟ್ಟವೆ" ಎಂದ.

"ಹದಿನಾಲ್ಕಾ? ಎಂಜಿನ್ ಎಷ್ಟು ಜೋರು ಓಡಿಸ್ತಿದ್ದೀಯ?"

"ನಾಟ್ಕದೋರು ನಮ್ಮೂರಿಗ್ ಬಂದವ್ರೆ, ಬೆಳಕು ಕಮ್ಮಿ ಅಂತ ಆಡ್ಕೋಬಾರ್ದು ಅಂತ ಎಂಜಿನ್ ಓಟ ಹಿಡಿಯೋ ಗೌರ್ನರ್ ತಿರುಪು ಒಂದ್ ಸುತ್ತು ಬಿಗಿ ಮಾಡಿದ್ದೆ ಕಣಣ್ಣ. ಸುಮ್ನೆ ಹಾರ ಹಾಕಿಸ್ಕಂಡ್ನಾ ನಾನು?"

ಅವನ ಗಿರಣಿಯಲ್ಲಿ ವೋಲ್ಟ್ ಮೀಟರಿತ್ತು. ತರಿಸಿ, ಎಂಜಿನ್ನು ಶುರುಮಾಡಿಸಿ ಇಟ್ಟು ನೋಡಿದೆ. ಇನ್ನೂರ ಮೂವತ್ತರಲ್ಲಿ ಇರಬೇಕಾದ ಮುಳ್ಳು ಇನ್ನೂರ ಐವತ್ತನ್ನು ದಾಟಿ ನಿಂತಿತು. ನನ್ನ ಮೀಟರಿನಲ್ಲಿ ವೋಲ್ಟ್ ಅಳೆಯುವ ಭಾಗ ಸುಟ್ಟು ಆರು ತಿಂಗಳಾಗಿತ್ತು, ಸರಿಮಾಡಿಕೊಂಡಿರಲಿಲ್ಲ. ಈಗ ಚಾಮರಾಜನಗರದ ಸಂಜೆಗಳು ನೆನಪಾದವು. ನಮ್ಮ ಟೆಂಟು ಇದ್ದದ್ದು ಲೈನಿನ ಕಟ್ಟಕಡೆಗೆ. ಊರೆಲ್ಲ ದೀಪ ಹಾಕಿದ ಮೇಲೆ ಅಲ್ಲಿಗೆ ಕರೆಂಟು ಸೊರಗಿ ಬರುತ್ತಿತ್ತು, ಬಲ್ಬುಗಳು ಕೆಂಪಗೆ ಉರಿಯುತ್ತಿದ್ದವು. ನೂರ ಎಂಬತ್ತೂ ಇರುತ್ತಿತ್ತೋ ಇಲ್ಲವೋ. ಅರೆಹೊಟ್ಟೆಯ ವಾಲ್ವುಗಳು ಗಟ್ಟಿ ಸ್ವರ ಬಂದಾಗ ತಡೆಯಲಾರದೆ ಮೆತ್ತಗೆ ಬಿರಿಯುತ್ತಿದ್ದವು. ಅಕ್ಕನ ಗಂಟಲು ಬಂದದ್ದು ಅಲ್ಲಿಂದ. ಟೆಂಟಿನ ಬಟ್ಟೆಯಿಂದಲ್ಲ, ನನ್ನ ಕಂಡೆನ್ಸರಿನಿಂದಲ್ಲ.

ಪರಿಹಾರ ಮಕ್ಕಳಾಟ. ಪೆಟ್ಟಿಗೆಗೆ ಹೋಗುವ ಒಂದು ತಂತಿ ಕತ್ತರಿಸಿ ನಡುವೆ ಬಲ್ಬು ಹಾಕಿದರೆ ಹೆಚ್ಚಿನ ಕರೆಂಟನ್ನು ಬಲ್ಬು ತಿನ್ನುತ್ತದೆ. ಅರವತ್ತು ವ್ಯಾಟಿನದು ಹಾಕಿದೆ, ದನಿ ಸತ್ತೇಹೋಯಿತು. ನೂರರದು ಹಾಕಿದೆ, ಇನ್ನೂ ಬಳಲಿಕೆ. ಎರಡನ್ನೂ ಅಕ್ಕಪಕ್ಕ ಸೇರಿಸಿ ಹಾಕಿದೆ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ನೋಡಿ ನೋಡಿ ಕಲಿತಿದ್ದ ಆ ರಾಗದ ಮೊದಲ ಸಾಲನ್ನು ತಡವರಿಸಿ ನುಡಿಸಿದೆ. ಪಂಚಮ ದಾಟಿದೆ. ಬಿರಿಯಿತು. ಅದೇ ದನಿ, ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಹುಚ್ಚು ಹಿಡಿದವನ ಹಾಗೆ ಮತ್ತೆ ಮತ್ತೆ ನುಡಿಸಿದೆ. ಮೇಷ್ಟ್ರು ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ಬಂದು ನಿಂತರು.

"ಅವಳ ಕೈಯಲ್ಲಿ ಏನೂ ಇರಲಿಲ್ಲ ಅಂತಾಯ್ತು" ಎಂದರು.

"ಇಲ್ಲ ಮೇಷ್ಟ್ರೇ."

"ಹೋಗಿ ಯಜಮಾನರಿಗೆ ಹೇಳು. ಆಮೇಲೆ ಒಂದು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ನೋಡು."

"ಮೊದಲ ಬಸ್ಸಿಗೇ ಹೋದರಲ್ಲ."

"ಆದರೂ ನೋಡಪ್ಪ."

ಯಜಮಾನರಿಗೆ ಹೇಳಿದೆ, ಅಷ್ಟು ಮಾಡಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಪೂರ್ತಿ ಕೇಳಿದರು. "ಸಿಕ್ಕಿತಲ್ಲ, ಒಳ್ಳೆಯದಾಯ್ತು" ಎಂದರು. "ಮೈಸೂರಿಂದ ಒಬ್ಬ ಗಿಟಾರಿನವನಿಗೆ ಬರಹೇಳಿದ್ದೇನೆ, ಅವನು ನುಡಿಸಲಿ. ನಿನ್ನೆ ನೀನು ಹತ್ತು ಜನರ ಮುಂದೆ ಪೆಟ್ಟಿಗೆ ಸರಿಯಿದೆ ಅಂದಿದ್ದೀಯ. ಇವತ್ತು ಇಲ್ಲ ಅಂದರೆ ನಿನ್ನನ್ನು ಯಾರು ನಂಬುತ್ತಾರೆ? ಕೆಲಸ ಬೇಕೋ ಬೇಡವೋ?"

ಬೇಕು ಎಂದೆ. ಬೇಕು ಅನ್ನುವುದಕ್ಕೆ ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಬಸ್ ಸ್ಟ್ಯಾಂಡು ಟೆಂಟಿನಿಂದ ನೂರು ಹೆಜ್ಜೆ. ಹೋಗಲಿಲ್ಲ. ಹೋಗಿ ಏನು ಮಾಡಲಿ, ಬಸ್ಸು ಹೊರಟು ನಾಲ್ಕು ತಾಸಾಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ನಾಚಿಕೆ. ಅದನ್ನು ಈಗ ಬರೆಯಬಹುದು.

ಹೊಸ ಗಿಟಾರಿನವನು ನಾಲ್ಕನೆಯ ದಿನ ಬಂದ. ಕೈ ಚುರುಕು, ಬಾಯಿಯೂ ಚುರುಕು. ಪೆಟ್ಟಿಗೆಯ ದನಿ ಕೇಳಿ, "ಇಂಥದ್ದು ಮದರಾಸಿನಲ್ಲೂ ಕೇಳಿಲ್ಲ" ಎಂದ. ಕುಂಕುಮದ ಬೊಟ್ಟುಗಳನ್ನು ನೋಡಿ ನಕ್ಕು, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೆನ್ಸಿಲಿನಿಂದ ಗೀಟು ಹಾಕಿಕೊಂಡ. ಮೊದಲ ಆಟಕ್ಕೇ ಅವನಿಗೆ ವನ್ಸ್ ಮೋರ್ ಬಿತ್ತು. ಮುಂದಿನ ಸಾಲಿನ ಒಬ್ಬ ಮುದುಕ ಎದ್ದು ನಿಂತು, "ಆಯಮ್ಮನ ದನಿ ಕಣ್ರಪ್ಪೋ, ಆಯಮ್ಮಂದೇ" ಎಂದು ಕೂಗಿದ. ಪರದೆಯ ಹಿಂದೆ ಹೊಸಬ ನನ್ನತ್ತ ತಿರುಗಿ, "ಯಾವ ಆಯಮ್ಮ?" ಎಂದು ಕೇಳಿದ. ಯಾರೋ ಗೊತ್ತಿಲ್ಲ ಎಂದೆ. ಅಂದು ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು!

ಗುಂಡ್ಲುಪೇಟೆಯ ಕ್ಯಾಂಪು ಮುಗಿಯುವವರೆಗೂ ಪ್ರತಿ ಆಟಕ್ಕೂ ಬಲ್ಬು ಹಾಕಿ, ಮೀಟರು ನೋಡಿ, ಆ ದನಿಯನ್ನು ಎಬ್ಬಿಸಿಕೊಟ್ಟೆ. ಮೇಷ್ಟ್ರು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಆ ದೃಶ್ಯ ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದರು. ನನಗೆ ಹೊರಗೆ ಹೋಗಲು ಆಗುತ್ತಿರಲಿಲ್ಲ, ಪೆಟ್ಟಿಗೆ ನನ್ನದು. ಕೊನೆಗೆ ಕಂಪನಿ ಕೇರಳದ ಗಡಿಯ ಕಡೆ ಹೊರಡುವ ದಿನ ಯಜಮಾನರಿಗೆ ಬರುವುದಿಲ್ಲ ಎಂದೆ. ಪೆಟ್ಟಿಗೆ ಕೊಡುವುದಿಲ್ಲ ಎಂದರು. ಕೇಳಲೂ ಇಲ್ಲ ನಾನು, ಬಿಟ್ಟು ಬಂದೆ.

ಊರಿಗೆ ವಾಪಸು ಬರುವ ದಾರಿಯಲ್ಲಿ ಹರವೆಗೆ ಹೋದೆ. ಅಕ್ಕ ತಂಗಿಯ ಮನೆಯ ಜಗಲಿಯಲ್ಲಿ ಕೂತು ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ನನ್ನನ್ನು ಕಂಡು ಎದ್ದು ನೀರು ತಂದುಕೊಟ್ಟರು. ಕುಡಿದು ಲೋಟ ಇಟ್ಟೆ. ಒಂದು ತಿಂಗಳಿಂದ ಒಳಗೇ ಹೇಳಿಕೊಂಡಿದ್ದ ಮಾತನ್ನು ಹೇಳಿಬಿಟ್ಟೆ.

"ನಿಮ್ಮ ಕೈಯಲ್ಲಿ ತಪ್ಪಿರಲಿಲ್ಲಕ್ಕ. ಕರೆಂಟು ಜಾಸ್ತಿ ಬರ್ತಿತ್ತು. ನನಗೆ ಮಾರನೇ ದಿನವೇ ಗೊತ್ತಾಯ್ತು."

ಅಕ್ಕ ಸೊಪ್ಪು ಹೆಚ್ಚುತ್ತಲೇ ಇದ್ದರು. ಕುಡುಗೋಲು ಒಂದೇ ಹದದಲ್ಲಿ ಆಡುತ್ತಿತ್ತು.

"ನಂಗೂ ಅವತ್ತೇ ಗೊತ್ತಾಯ್ತು ಕಣಪ್ಪ" ಎಂದರು.

ನಾನು ಅವರ ಬಾಯಿಯ ಹತ್ತಿರಕ್ಕೆ ಬಗ್ಗಿದೆ. ಆ ಉಸಿರಿನ ಮಾತು ಮತ್ತೆ ಮಾಸಲಾಗಿ ಕೇಳಿಸುತ್ತಿತ್ತು.

"ಮೊದಲ್ನೆ ಬಸ್ಸು ಹತ್ನಿಲ್ಲ ನಾನು. ಬಸ್ ಸ್ಟ್ಯಾಂಡಲ್ಲೇ ಕೂತಿದ್ದೆ, ಕಾಲು ಬರ್ನಿಲ್ಲ. ಹತ್ತು ಗಂಟೆ ಇರ್ಬೇಕು, ಟೆಂಟ್ ಕಡೆಯಿಂದ ನನ್ ರಾಗ ಕೇಳ್ತು. ನುಡ್ಸೋನು ನೀನೇ ಅಂತ ಗೊತ್ತಾಯ್ತು, ಸ್ವರ ತಪ್ತಿತ್ತು. ದನಿ ಮಾತ್ರ ನಂದು. ಸರಿ ಓಯ್ತಲ್ಲ, ಇನ್ನು ಕರ್ಯಕ್ ಬತ್ತಾರೆ ಅಂತ ಮೂರ್ ಬಸ್ ಬುಟ್ಟೆ ಕಣ್ ತಮ್ಮಯ್ಯ."

ಹೆಚ್ಚಿದ ಸೊಪ್ಪನ್ನು ಬುಟ್ಟಿಗೆ ತುಂಬಿಕೊಂಡು ಅವರು ಹುಳುವಿನ ಮನೆಯೊಳಗೆ ಹೋದರು.